ಸವಳು ನೀರಿನಲ್ಲಿ ಹೂದೋಟ

ಬಯಲುಸೀಮೆಯ ಹಲವೆಡೆ ಕೊಳವೆಬಾವಿಯ ನೀರಿನಲ್ಲಿ ಲವಣ ಹೆಚ್ಚು. ಕರಾವಳಿಯಲ್ಲಿ ಅಳಿವೆಗೆ ಹತ್ತಿರದ ಬಾವಿಗಳು ಏಪ್ರಿಲ್, ಮೇ ಹೊತ್ತಿಗೆ ಉಪ್ಪಾಗುತ್ತವೆ. ಇಂಥ ನೀರೊಂದೇ ಇರುವ ಮನೆಯಲ್ಲೂ ಹೂಗಿಡ ಬೆಳೆಸಬಹುದು. ಅದಕ್ಕೆ ಮೊದಲು ನೋಡಬೇಕಾದದ್ದು ಕುಂಡದ ತಳ: ಹಾಕಿದ ನೀರಿನ ಒಂದು ಪಾಲು ಅಲ್ಲಿಂದ ಹೊರಬೀಳುತ್ತಿದೆಯೇ?

ಉಪ್ಪು ಉಳಿಯುವುದು ಎಲ್ಲಿ

ಬೇರು ನೀರನ್ನು ಹೀರಿಕೊಂಡು ಲವಣದ ಬಹುಭಾಗವನ್ನು ಮಣ್ಣಿನಲ್ಲೇ ಬಿಡುತ್ತದೆ. ಬಿಸಿಲಿಗೆ ಆವಿಯಾಗುವುದೂ ಬರೀ ನೀರು. ಲೀಟರಿಗೆ 1,000 ಮಿಲಿಗ್ರಾಂ ಲವಣವಿರುವ ನೀರನ್ನು ದಿನಕ್ಕೊಂದು ಲೀಟರಿನಂತೆ ಹಾಕುತ್ತ ಹೋದರೆ, ತಳದಿಂದ ಏನೂ ಹರಿಯದಿದ್ದಲ್ಲಿ, 90 ದಿನಗಳಲ್ಲಿ ಆ ಕುಂಡದಲ್ಲಿ 90 ಗ್ರಾಂ ಲವಣ ಸೇರಿರುತ್ತದೆ. ಮಣ್ಣಿನೊಳಗಿನ ನೀರು ಉಪ್ಪಾದಷ್ಟೂ ಅದನ್ನು ಎಳೆದುಕೊಳ್ಳುವುದು ಬೇರಿಗೆ ಕಷ್ಟ. ಹಾಗಾಗಿ ಮಣ್ಣು ಒದ್ದೆಯಿದ್ದೂ ಗಿಡ ಸೊರಗುತ್ತದೆ. ಸೋಡಿಯಂ, ಕ್ಲೋರೈಡುಗಳು ಎಲೆಗೇರಿ ಹಳೆಯ ಎಲೆಗಳ ತುದಿ ಮತ್ತು ಅಂಚನ್ನು ಸುಡುತ್ತವೆ. ನೀರು ಸಾಲದೆಂದು ಭಾವಿಸಿ ಅದೇ ನೀರನ್ನು ದಿನಕ್ಕೆರಡು ಸಲ ಚಿಮುಕಿಸುವವರು ಬಹಳ ಮಂದಿ. ಗಿಡಕ್ಕೆ ಇದಕ್ಕಿಂತ ಕೆಟ್ಟದ್ದಿಲ್ಲ.

ಅಳತೆ

ನೀರಿನ ಲವಣಾಂಶವನ್ನು ವಿದ್ಯುತ್ ವಾಹಕತೆಯಿಂದ ಅಳೆಯುತ್ತಾರೆ. ಮೀಟರಿಗೆ 1 ಡೆಸಿಸೀಮೆನ್ಸ್ ಎಂದರೆ ಲೀಟರಿಗೆ ಸುಮಾರು 640 ಮಿಲಿಗ್ರಾಂ ಲವಣ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಮಾರ್ಗಸೂಚಿಯ ಪ್ರಕಾರ 0.7ಕ್ಕಿಂತ ಕಡಿಮೆಯಿದ್ದರೆ ಚಿಂತೆಯಿಲ್ಲ, 3 ದಾಟಿದರೆ ತೊಂದರೆ ತೀವ್ರ. ಬೇರೆ ಮೂಲವಿಲ್ಲದಾಗ ಕುಡಿಯಲು ಲೀಟರಿಗೆ 2,000 ಮಿಲಿಗ್ರಾಂವರೆಗೆ ಭಾರತೀಯ ಮಾನಕ ಒಪ್ಪುತ್ತದೆ. ಅದು 3ಕ್ಕಿಂತ ಮೇಲಾಯಿತು. ಮನುಷ್ಯ ಕುಡಿಯುವ ನೀರು ಗುಲಾಬಿಗೆ ಒಗ್ಗಲೇಬೇಕೆಂದಿಲ್ಲ.

ತಾಳುವ ಗಿಡಗಳು

ಬೋಗನ್‌ವಿಲ್ಲಾ ಎಲ್ಲಕ್ಕಿಂತ ಗಟ್ಟಿ. ಬೇರಿನ ಸುತ್ತಲ ಮಣ್ಣಿನ ಲವಣ 8 ಡೆಸಿಸೀಮೆನ್ಸ್ ಮುಟ್ಟಿದರೂ ಸಹಿಸುವ ಗುಂಪಿಗೆ ಅದು ಸೇರಿದೆ. ಕಣಗಿಲೆಯೂ ಚೆನ್ನಾಗಿ ತಾಳುತ್ತದೆ, ಆದರೆ ಅದರ ಪ್ರತಿ ಭಾಗವೂ ವಿಷ. ಮಕ್ಕಳು, ದನಕರು ಇರುವಲ್ಲಿ ಎಚ್ಚರ ಬೇಕು. ದೇವಕಣಗಿಲೆ, ಭೂತಾಳೆ, ಟೇಬಲ್ ರೋಸ್ ಕೂಡ ಆಗುತ್ತವೆ. ಹುಲ್ಲುಹಾಸಿಗೆ ನಮ್ಮ ಗರಿಕೆಯೇ ಸಾಕು, ಕರಾವಳಿಯ ಅಂಗಳಕ್ಕೆ ಸುರಹೊನ್ನೆ. ಗುಲಾಬಿ, ಗಾರ್ಡೇನಿಯಾ, ಆರ್ಕಿಡ್, ಆಂಥೂರಿಯಂಗಳಿಗೆ ಮಳೆನೀರು ಕೂಡಿಡುವುದು ಲೇಸು. ಎಳೆಯ ಸಸಿಗಳಿಗೂ ಅಷ್ಟೇ.

ತೊಳೆಯುವ ಲೆಕ್ಕ

ಬೇರಿನ ವಲಯದ ಲವಣವನ್ನು ಕೆಳಕ್ಕೆ ತಳ್ಳಲು ಗಿಡ ಬಳಸುವುದಕ್ಕಿಂತ ಹೆಚ್ಚು ನೀರು ಬೇಕು. ನೀರಿನ ವಾಹಕತೆ 1.5 ಇದ್ದು, ಗಿಡ ಮಣ್ಣಿನಲ್ಲಿ 2 ತಾಳುವುದಾದರೆ ಹಾಕಿದ ನೀರಿನ ಸುಮಾರು ಶೇ. 18 ಭಾಗ ಕೆಳಗೆ ಬಸಿದುಹೋಗಬೇಕು. ಗಿಡ 3ರವರೆಗೆ ತಾಳಿದರೆ ಶೇ. 11 ಸಾಕು. ಅಂದರೆ ಆಗಾಗ ಸ್ವಲ್ಪ ಹಾಕುವ ಬದಲು, ತೂತಿನಿಂದ ಹರಿಯುವಷ್ಟು ಒಮ್ಮೆಲೇ ಹಾಕಬೇಕು. ಕುಂಡದಡಿಯ ತಟ್ಟೆಯಲ್ಲಿ ನಿಂತ ನೀರನ್ನು ಚೆಲ್ಲಬೇಕು, ಇಲ್ಲವಾದರೆ ಮಣ್ಣು ಅದನ್ನು ಮತ್ತೆ ಹೀರುತ್ತದೆ. ಎಲೆಯ ಮೇಲೆ ನೀರು ಬೀಳಬಾರದು. ತರಗೆಲೆ ಹೊದಿಸಿದರೆ ಮೇಲ್ಮಣ್ಣಿನಲ್ಲಿ ಉಪ್ಪು ಏರುವುದು ತಗ್ಗುತ್ತದೆ. ರಸಗೊಬ್ಬರವೂ ಲವಣವೇ, ಅರ್ಧಕ್ಕಿಳಿಸಿ, ಪೊಟ್ಯಾಷ್ ಬೇಕಾದರೆ ಮ್ಯೂರಿಯೇಟ್ ಬಿಟ್ಟು ಸಲ್ಫೇಟ್ ಆರಿಸಿ. ಕೋಕೋಪೀಟನ್ನು ತೊಳೆದೇ ಬಳಸಿ, ಕೆಲವು ಕಡೆ ಸಿಪ್ಪೆಯನ್ನು ಉಪ್ಪುನೀರಿನಲ್ಲಿ ಕೊಳೆಹಾಕಿರುತ್ತಾರೆ.

ಜಿಪ್ಸಂ, ಸಾಫ್ಟ್‌ನರ್, ಆರ್‌ಒ

ಜಿಪ್ಸಂ ಉಪ್ಪನ್ನು ಓಡಿಸುವುದಿಲ್ಲ. ಸೋಡಿಯಂ ಹೆಚ್ಚಾಗಿ ಜೇಡಿಮಣ್ಣು ಬಿಗಿದು ನೀರು ಇಂಗದಿದ್ದಾಗ, ಅದರ ಕ್ಯಾಲ್ಸಿಯಂ ಸೋಡಿಯಂನ ಜಾಗ ಹಿಡಿಯುತ್ತದೆ. ಹೊರಬಿದ್ದ ಸೋಡಿಯಂ ಹರಿದುಹೋಗಲು ಮತ್ತೆ ನೀರೇ ಬೇಕು. ಗಡಸು ತೆಗೆಯುವ ಸಾಫ್ಟ್‌ನರ್ ಕ್ಯಾಲ್ಸಿಯಂ ಕಸಿದುಕೊಂಡು ಸೋಡಿಯಂ ಕೊಡುವುದರಿಂದ, ಅದಕ್ಕೆ ಮೊದಲಿನ ನಲ್ಲಿಯಿಂದ ಗಿಡಗಳಿಗೆ ನೀರು ಹಿಡಿಯಿರಿ. ಆರ್‌ಒ ಯಂತ್ರ ಹೊರಬಿಡುವ ನೀರಿನಲ್ಲಿ ಮೂಲನೀರಿಗಿಂತ ಹೆಚ್ಚು ಲವಣ ಸೇರಿರುತ್ತದೆ. ಅದು ನೆಲ ಒರೆಸಲು ಹೊಂದುತ್ತದೆ. ಗಿಡಕ್ಕೇ ಹಾಕುವುದಾದರೆ ಮಳೆನೀರು ಬೆರೆಸಿ, ಬೋಗನ್‌ವಿಲ್ಲಾ ಬುಡಕ್ಕೆ ಮಾತ್ರ.