ಇಸ್ಮಾಯಿಲ್ ಕೆಮಾಲ್: ಖಲೀಫರ ಅಧಿಕಾರಿ ಅಲ್ಬೇನಿಯಾದ ಧ್ವಜವೇರಿಸಿದ ಕಥೆ

1912ರ ಚಳಿಗಾಲದಲ್ಲಿ ಭಾರತದ ಮುಸ್ಲಿಮರ ಕಣ್ಣು ಬಾಲ್ಕನ್ ಪ್ರದೇಶದ ಮೇಲೆ ನೆಟ್ಟಿತ್ತು. ಮಾಂಟೆನೆಗ್ರೊ, ಸರ್ಬಿಯಾ, ಬಲ್ಗೇರಿಯಾ ಮತ್ತು ಗ್ರೀಸ್ ದೇಶಗಳು ಒಂದಾಗಿ ಉಸ್ಮಾನಿಯಾ ಸಾಮ್ರಾಜ್ಯದ ಮೇಲೆ ಯುದ್ಧ ಸಾರಿದ್ದವು. ಗಾಯಗೊಂಡ ತುರ್ಕಿ ಸೈನಿಕರಿಗಾಗಿ ಇಲ್ಲಿನ ಮುಸ್ಲಿಮರು ನಿಧಿ ಸಂಗ್ರಹಿಸಿದರು. ಡಾ. ಮುಖ್ತಾರ್ ಅಹ್ಮದ್ ಅನ್ಸಾರಿಯವರ ನೇತೃತ್ವದಲ್ಲಿ ವೈದ್ಯಕೀಯ ತಂಡವೊಂದು ತುರ್ಕಿಗೆ ಹಡಗು ಹತ್ತಿತು. ಅದೇ ಯುದ್ಧದ ನಡುವೆ, ನವೆಂಬರ್ 28ರಂದು, ಆಡ್ರಿಯಾಟಿಕ್ ಕಡಲ ದಡದ ವ್ಲೋರ ಪಟ್ಟಣದಲ್ಲಿ ಇನ್ನೊಂದು ಘಟನೆ ನಡೆಯಿತು. ದಶಕಗಳ ಕಾಲ ಸುಲ್ತಾನರ ಆಡಳಿತದಲ್ಲಿ ದುಡಿದಿದ್ದ ವಯೋವೃದ್ಧ ಮುಸ್ಲಿಮರೊಬ್ಬರು ಅಲ್ಬೇನಿಯಾ ಸ್ವತಂತ್ರವಾಯಿತೆಂದು ಘೋಷಿಸಿ ಬೇರೆಯೇ ಧ್ವಜವನ್ನೇರಿಸಿದರು. ಅವರೇ ಇಸ್ಮಾಯಿಲ್ ಕೆಮಾಲ್ ಬೇ.

ಖಿಲಾಫತ್ತಿನ ಪತನವನ್ನು ನೋವಿನಿಂದ ನೆನೆಯುವವರಿಗೆ ಈ ಹೆಸರು ಒಂದು ಪ್ರಶ್ನೆಯನ್ನು ಮುಂದಿಡುತ್ತದೆ. ಸಂಕಟದ ಗಳಿಗೆಯಲ್ಲಿ ಖಲೀಫರ ಕೈಬಿಟ್ಟ ಈ ವ್ಯಕ್ತಿ ದ್ರೋಹಿಯೇ? ಆ ದಿನದ ಘೋಷಣೆಯನ್ನಷ್ಟೇ ನೋಡಿದರೆ ಹಾಗೆನಿಸಬಹುದು. ಅವರ ಇಡೀ ಬದುಕನ್ನು ನೋಡಿದವರು ಅಷ್ಟು ಸುಲಭವಾಗಿ ತೀರ್ಪು ಕೊಡಲಾರರು.

ಇಸ್ಮಾಯಿಲ್ ಕೆಮಾಲ್ 1844ರಲ್ಲಿ ವ್ಲೋರದ ಪ್ರತಿಷ್ಠಿತ ಮನೆತನದಲ್ಲಿ ಜನಿಸಿದರು. ಯಾನಿನಾದ ಪ್ರಸಿದ್ಧ ಗ್ರೀಕ್ ಶಾಲೆಯಲ್ಲಿ ಓದಿ, ತಾರುಣ್ಯದಲ್ಲಿಯೇ ಇಸ್ತಾಂಬುಲ್ ಸೇರಿ ವಿದೇಶಾಂಗ ಇಲಾಖೆಯಲ್ಲಿ ಭಾಷಾಂತರಕಾರರಾದರು. ಅಲ್ಲಿಂದ ಮುಂದೆ ಮಹಾನ್ ಸುಧಾರಕ ಮಿದ್ಹತ್ ಪಾಷಾರ ಆಪ್ತವಲಯಕ್ಕೆ ಬಂದು, ಡ್ಯಾನ್ಯೂಬ್ ಪ್ರಾಂತದಲ್ಲಿ ಅವರ ಕೈಕೆಳಗೆ ಆಡಳಿತದ ಪಾಠ ಕಲಿತರು. ಧರ್ಮಭೇದವಿಲ್ಲದೆ ಎಲ್ಲ ಪ್ರಜೆಗಳಿಗೂ ನ್ಯಾಯ ದೊರೆತರೆ ಮಾತ್ರ ಸಾಮ್ರಾಜ್ಯ ಉಳಿಯುತ್ತದೆ ಎಂಬುದು ಮಿದ್ಹತರ ನಂಬಿಕೆಯಾಗಿತ್ತು. ಶಿಷ್ಯನೂ ಅದನ್ನೇ ತನ್ನದಾಗಿಸಿಕೊಂಡರು. 1876ರಲ್ಲಿ ಉಸ್ಮಾನಿಯಾ ರಾಜ್ಯಕ್ಕೆ ಮೊದಲ ಸಂವಿಧಾನ ಬಂದಾಗ ಈ ವಲಯದ ಕನಸು ಕೈಗೂಡಿದಂತೆ ಕಂಡಿತು.

ಆ ಸಂತಸ ಬಹುಕಾಲ ಬಾಳಲಿಲ್ಲ. ಸುಲ್ತಾನ್ ಅಬ್ದುಲ್ ಹಮೀದ್ ಮಿದ್ಹತರನ್ನು ಗಡೀಪಾರು ಮಾಡಿದರು, 1878ರಲ್ಲಿ ಸಂಸತ್ತನ್ನು ಮುಚ್ಚಿದರು. ಇಸ್ಮಾಯಿಲ್ ಕೆಮಾಲರನ್ನು 1877ರಲ್ಲಿಯೇ ಅನತೋಲಿಯಾದ ಕುತಾಹ್ಯಾಕ್ಕೆ ಕಳುಹಿಸಲಾಗಿತ್ತು. ಹಲವು ವರ್ಷಗಳ ಬಳಿಕ ಕ್ಷಮೆ ದೊರೆತು, ಬೋಲು, ಬೈರೂತ್ ಮುಂತಾದೆಡೆ ಗವರ್ನರ್ ಆದರು. ಶಿಕ್ಷೆ ಅನುಭವಿಸಿದ ಮೇಲೂ ಅವರು ಮತ್ತೆ ಸೇವೆಗೆ ಬಂದರೆಂಬುದು ಗಮನಾರ್ಹ. ಆದರೆ ಗೂಢಚಾರರ ಕಣ್ಗಾವಲು ಅವರನ್ನು ಬಿಡಲಿಲ್ಲ. 1900ರಲ್ಲಿ ತ್ರಿಪೋಲಿಯ ಗವರ್ನರ್ ಹುದ್ದೆಗೆ ನೇಮಕವಾದಾಗ, ಅದು ಇನ್ನೊಂದು ಗಡೀಪಾರೆಂದೇ ಅರಿತು, ಬ್ರಿಟಿಷ್ ನೌಕೆಯ ಆಶ್ರಯ ಪಡೆದು ಇಸ್ತಾಂಬುಲನ್ನು ತೊರೆದರು. ಮುಂದಿನ ಎಂಟು ವರ್ಷ ಯುರೋಪಿನಲ್ಲಿ ದೇಶಭ್ರಷ್ಟರಾಗಿ ಕಳೆದರು. 1902ರ ಪ್ಯಾರಿಸ್ ಸಮಾವೇಶದಲ್ಲಿ ಅವರು ಬೆಂಬಲಿಸಿದ್ದು ಸಾಮ್ರಾಜ್ಯವನ್ನು ಒಡೆಯುವುದನ್ನಲ್ಲ. ಅಧಿಕಾರವನ್ನು ಪ್ರಾಂತಗಳಿಗೆ ಹಂಚಿ ಸಾಮ್ರಾಜ್ಯವನ್ನು ಉಳಿಸುವುದನ್ನು.

1908ರ ಕ್ರಾಂತಿಯ ಬಳಿಕ ಸಂವಿಧಾನ ಮರಳಿತು, ಅವರೂ ಮರಳಿದರು. ಬೆರಾತ್ ಕ್ಷೇತ್ರದಿಂದ ಸಂಸತ್ತಿಗೆ ಆಯ್ಕೆಯಾಗಿ ಉದಾರವಾದಿ ವಿರೋಧಪಕ್ಷದ ಮುಂದಾಳಾದರು. 1909ರ ಏಪ್ರಿಲ್ ದಂಗೆಯ ದಿನಗಳಲ್ಲಿ ಅಲ್ಪಕಾಲ ಸಂಸತ್ತಿನ ಅಧ್ಯಕ್ಷರೂ ಆದರು. ದಂಗೆ ಅಡಗಿದೊಡನೆ ಮತ್ತೆ ದೇಶ ಬಿಡಬೇಕಾಯಿತು. ಹೀಗೆ ಅವರು ಸಾಮ್ರಾಜ್ಯದಿಂದ ಬೇರೆಯಾಗುವ ಮೊದಲೇ ಇಸ್ತಾಂಬುಲ್ ಅವರನ್ನು ಮೂರು ಬಾರಿ ಕಳೆದುಕೊಂಡಿತ್ತು.

ಇತ್ತ ಅಲ್ಬೇನಿಯನ್ ಜನತೆಯ ಸ್ಥಿತಿ ಕಷ್ಟಕರವಾಗಿತ್ತು. ಅವರಲ್ಲಿ ಮುಸ್ಲಿಮರು ಬಹುಸಂಖ್ಯಾತರು. ಆರ್ಥೊಡಾಕ್ಸ್ ಮತ್ತು ಕ್ಯಾಥೊಲಿಕ್ ಕ್ರೈಸ್ತರೂ ಇದ್ದರು. ಧರ್ಮದ ಆಧಾರದಲ್ಲಿ ಪ್ರಜೆಗಳನ್ನು ವಿಂಗಡಿಸುತ್ತಿದ್ದ ಮಿಲ್ಲತ್ ವ್ಯವಸ್ಥೆಯಲ್ಲಿ ಅವರ ಮುಸ್ಲಿಮರು ತುರ್ಕರೊಂದಿಗೆ, ಆರ್ಥೊಡಾಕ್ಸರು ಗ್ರೀಕರೊಂದಿಗೆ ಎಣಿಸಲ್ಪಡುತ್ತಿದ್ದರು. ಮೂವರಿಗೂ ಸಮಾನವಾಗಿದ್ದ ಮಾತೃಭಾಷೆಗೆ ಆ ಲೆಕ್ಕದಲ್ಲಿ ಸ್ಥಾನವಿರಲಿಲ್ಲ. 1878ರ ಬರ್ಲಿನ್ ಒಪ್ಪಂದವು ಅವರ ನೆಲದ ಭಾಗಗಳನ್ನು ಮಾಂಟೆನೆಗ್ರೊಗೆ ಕೊಟ್ಟಾಗ, ಪ್ರಿಜ್ರೆನ್‌ನಲ್ಲಿ ಸೇರಿದ ಅಲ್ಬೇನಿಯನ್ ಮುಖಂಡರು ನೆಲವನ್ನು ಕಾಪಾಡಲು ಒಕ್ಕೂಟ ಕಟ್ಟಿದರು. ಸುಲ್ತಾನರಿಗೆ ನಿಷ್ಠೆ ತೋರಿಯೇ ಆರಂಭವಾದ ಆ ಒಕ್ಕೂಟವನ್ನು 1881ರಲ್ಲಿ ಸುಲ್ತಾನರ ಸೇನೆಯೇ ಹತ್ತಿಕ್ಕಿತು. 1908ರ ಬಳಿಕ ಬಂದ ಯುವ ತುರ್ಕರು ಇನ್ನಷ್ಟು ಬಿಗಿಯಾದರು. ಅಲ್ಬೇನಿಯನ್ ಶಾಲೆಗಳನ್ನು ಮುಚ್ಚಿಸಿದರು. ಭಾಷೆಗಳ ವೈವಿಧ್ಯವನ್ನು ಅಲ್ಲಾಹನ ನಿದರ್ಶನಗಳಲ್ಲೊಂದೆಂದು ನಂಬುವ ಸಮುದಾಯದ ರಾಜ್ಯವು ಒಂದು ಭಾಷೆಗೆ ಹೆದರಿತು.

1911ರಲ್ಲಿ ಇಸ್ಮಾಯಿಲ್ ಕೆಮಾಲರು ಕ್ಯಾಥೊಲಿಕ್ ಕವಿ ಲುಯಿಜ್ ಗುರಾಕುಚಿ ಅವರೊಡನೆ ಸೇರಿ ಬೇಡಿಕೆಗಳ ಪತ್ರವೊಂದನ್ನು ಸಿದ್ಧಪಡಿಸಿದರು. ಅದರಲ್ಲಿಯೂ ಕೇಳಿದ್ದು ಸ್ವಾತಂತ್ರ್ಯವನ್ನಲ್ಲ, ಸ್ವಭಾಷೆಯ ಶಾಲೆ ಮತ್ತು ಸ್ವಾಯತ್ತ ಆಡಳಿತವನ್ನು. ಮರುವರ್ಷದ ಬಂಡಾಯದ ನಂತರ, 1912ರ ಸೆಪ್ಟೆಂಬರಿನಲ್ಲಿ, ಸರಕಾರ ಬಹುತೇಕ ಬೇಡಿಕೆಗಳಿಗೆ ತಲೆಬಾಗಿತು. ಅಷ್ಟರಲ್ಲಿ ಕಾಲ ಮೀರಿತ್ತು. ಅಕ್ಟೋಬರಿನಲ್ಲಿ ಯುದ್ಧ ಆರಂಭವಾಯಿತು. ಉಸ್ಮಾನಿಯಾ ಸೇನೆ ಹಿಮ್ಮೆಟ್ಟಿತು. ಸರ್ಬಿಯಾ ಮತ್ತು ಗ್ರೀಸ್‌ಗಳು ಅಲ್ಬೇನಿಯನ್ ನೆಲವನ್ನು ಹಂಚಿಕೊಳ್ಳಲು ಮುನ್ನುಗ್ಗಿದವು. ರಕ್ಷಿಸಬೇಕಾದ ಪ್ರಭುವಿಗೆ ರಕ್ಷಿಸುವ ಶಕ್ತಿಯೇ ಉಳಿಯದಾಗ ಪ್ರಜೆಗಳು ಏನು ಮಾಡಬೇಕು? ಇಸ್ಮಾಯಿಲ್ ಕೆಮಾಲರ ಮುಂದಿದ್ದದ್ದು ಈ ಪ್ರಶ್ನೆ.

ಅವರು ಬುಖಾರೆಸ್ಟ್, ವಿಯೆನ್ನಾಗಳಲ್ಲಿ ಬೆಂಬಲ ಕೋರಿ, ಟ್ರಿಯೆಸ್ಟಿನಿಂದ ಹಡಗಿನಲ್ಲಿ ಸ್ವದೇಶ ತಲುಪಿ, ವ್ಲೋರದಲ್ಲಿ ಪ್ರತಿನಿಧಿಗಳ ಸಭೆ ಕರೆದರು. ಸ್ವಾತಂತ್ರ್ಯ ಘೋಷಣೆಯಾಯಿತು. ಹೊಸ ಸರಕಾರಕ್ಕೆ ಅವರು ಪ್ರಧಾನಿಯಾದರು; ಕ್ಯಾಥೊಲಿಕ್ ಪಾದ್ರಿ ನಿಕೊಲ್ ಕಚೋರಿ ಉಪಪ್ರಧಾನಿಯಾದರು. ಶಿಕ್ಷಣ ಖಾತೆ ಗುರಾಕುಚಿಯವರಿಗೆ, ನ್ಯಾಯ ಖಾತೆ ಆರ್ಥೊಡಾಕ್ಸ್ ಸಮುದಾಯದ ಪೆತ್ರೊ ಪೋಗಾ ಅವರಿಗೆ ದೊರೆಯಿತು. ಹಿರಿಯರ ಪರಿಷತ್ತಿನ ಅಧ್ಯಕ್ಷರಾಗಿ ಆಯ್ಕೆಯಾದವರು ದಿಬ್ರಾದ ಮುಫ್ತಿ ವೆಹ್ಬಿ ಅವರು. ಬಹುಸಂಖ್ಯಾತ ಮುಸ್ಲಿಮರು ಅಧಿಕಾರವನ್ನು ನೆರೆಹೊರೆಯವರೊಂದಿಗೆ ಹಂಚಿಕೊಂಡ ಆ ಮಂತ್ರಿಮಂಡಲವು ಮಿದ್ಹತ್ ಪಾಷಾರ ಪಾಠಕ್ಕೆ ಶಿಷ್ಯನು ಸಲ್ಲಿಸಿದ ಗೌರವದಂತಿತ್ತು. ಇಸ್ತಾಂಬುಲ್ ಬೇಡವೆಂದ ಆದರ್ಶ ಈ ಸಣ್ಣ ಪಟ್ಟಣದಲ್ಲಿ ಆಕಾರ ಪಡೆಯಿತು.

ಆದರೆ ಅವರು ನೆಚ್ಚಿದ್ದ ಯುರೋಪಿನ ಪ್ರಬಲ ರಾಷ್ಟ್ರಗಳು ನ್ಯಾಯವನ್ನು ಅಳೆದು ಕೊಟ್ಟವು. 1913ರ ಲಂಡನ್ ಸಮ್ಮೇಳನ ಅಲ್ಬೇನಿಯಾವನ್ನು ರಾಜ್ಯವೆಂದು ಒಪ್ಪಿತು, ಕೊಸೊವೊ ಸೇರಿದಂತೆ ಅಲ್ಬೇನಿಯನ್ನರ ದೊಡ್ಡ ಪಾಲನ್ನು ಗಡಿಯಾಚೆ ಬಿಟ್ಟಿತು. ಕೊಸೊವೊದ ಮುಸ್ಲಿಮರು ಆ ಗೆರೆಯ ಬೆಲೆಯನ್ನು ಇಡೀ ಶತಮಾನ ತೆತ್ತರು. ಒಳಗೂ ಒಡಕಿತ್ತು. ಎಸ್ಸಾದ್ ಪಾಷಾ ಡುರೆಸ್‌ನಲ್ಲಿ ಪ್ರತಿಸ್ಪರ್ಧಿ ಸರಕಾರ ಕಟ್ಟಿದರು. ಉಸ್ಮಾನಿಯಾ ಸೇನಾನಿ ಇಝ್ಝತ್ ಪಾಷಾರನ್ನು ಸಿಂಹಾಸನಕ್ಕೇರಿಸುವ ಸಂಚು ಬಯಲಾದಾಗ ಇಸ್ಮಾಯಿಲ್ ಕೆಮಾಲರ ಮೇಲೂ ಅನುಮಾನ ಬಿತ್ತು. 1914ರ ಜನವರಿಯಲ್ಲಿ ಅವರು ಅಧಿಕಾರವನ್ನು ಅಂತಾರಾಷ್ಟ್ರೀಯ ಆಯೋಗಕ್ಕೆ ಒಪ್ಪಿಸಿ ಹೊರನಡೆದರು. ಆಯೋಗದ ಬಳಿಕ ಬಂದ ಜರ್ಮನ್ ರಾಜಕುಮಾರ ಆರೇ ತಿಂಗಳಲ್ಲಿ ದೇಶ ಬಿಟ್ಟ. ಅವನ ವಿರುದ್ಧ ಎದ್ದ ಮಧ್ಯ ಅಲ್ಬೇನಿಯಾದ ಮುಸ್ಲಿಮ್ ರೈತರು ಮತ್ತೆ ಸುಲ್ತಾನರ ನೆರಳನ್ನೇ ಬಯಸಿದರು. ಬಡ ರೈತನ ಹೃದಯದಲ್ಲಿ ಖಿಲಾಫತ್ತಿನ ಸ್ಥಾನವೇನೆಂಬುದನ್ನು ವ್ಲೋರದ ಗಣ್ಯರು ಪೂರ್ತಿಯಾಗಿ ಅರಿತಿರಲಿಲ್ಲ ಎಂಬುದನ್ನೂ ಇತಿಹಾಸ ದಾಖಲಿಸಬೇಕು.

1919ರ ಜನವರಿಯಲ್ಲಿ ಇಟಲಿಯ ಪೆರುಜಾದಲ್ಲಿ ಇಸ್ಮಾಯಿಲ್ ಕೆಮಾಲರು ಮರಣ ಹೊಂದಿದರು. ಪಾರ್ಥಿವ ಶರೀರವನ್ನು ತಾಯ್ನೆಲಕ್ಕೆ ತಂದು, ವ್ಲೋರದ ಸಮೀಪದ ಕನಿನಾದಲ್ಲಿ, ಸೂಫಿ ಖಾನ್‌ಖಾದ ಆವರಣದಲ್ಲಿ ದಫನ ಮಾಡಲಾಯಿತು. ಮರುವರ್ಷದ ಕೊನೆಯಲ್ಲಿ ಅಲ್ಬೇನಿಯಾ ರಾಷ್ಟ್ರಸಂಘದ ಸದಸ್ಯನಾಯಿತು.

ಅವರನ್ನು ದೋಷಾತೀತ ವೀರನೆಂದು ಕೊಂಡಾಡಬೇಕಿಲ್ಲ. ಆದರೆ ದ್ರೋಹಿಯೆಂದು ಕರೆಯುವ ಮೊದಲು ಒಂದು ಸಂಗತಿಯನ್ನು ನೆನೆಯಬೇಕು. ಹದಿಹರೆಯದಿಂದ ಅರುವತ್ತೆಂಟರವರೆಗೆ ಅವರು ಆ ಸಾಮ್ರಾಜ್ಯಕ್ಕೆ ಹೇಳುತ್ತ ಬಂದದ್ದು ಒಂದೇ ಮಾತು: ಅಧಿಕಾರವು ಅಮಾನತ್ತು, ನ್ಯಾಯವಿಲ್ಲದೆ ಅದು ನಿಲ್ಲದು ಎಂಬುದು. ರಾಜ್ಯಗಳು ಶತ್ರುಗಳ ದಾಳಿಯಿಂದ ಬೀಳುತ್ತವೆ, ನಿಜ. ಅದಕ್ಕೂ ಮುಂಚೆ ಅವು ಹಿತವಚನ ನುಡಿಯುವ ತಮ್ಮವರನ್ನು ಒಬ್ಬೊಬ್ಬರಾಗಿ ದೂರ ತಳ್ಳಿರುತ್ತವೆ. ಖಿಲಾಫತ್ತನ್ನು ನೆನೆದು ಕಣ್ಣೀರು ಹಾಕುವವರು ಈ ಪಾಠವನ್ನೂ ಜೊತೆಗೆ ಓದಬೇಕು.