ಅಂತರ್ಜಾತ ರೆಟ್ರೊವೈರಸ್

ಅಂತರ್ಜಾತ ರೆಟ್ರೊವೈರಸ್ ಎಂದರೆ ಬಹು ಹಿಂದಿನ ಸೋಂಕಿನಿಂದ ಪೂರ್ವಜರ ಡಿಎನ್‌ಎ ಸೇರಿ, ತಲೆಮಾರುಗಳಿಂದ ಇಳಿದುಬಂದ ವೈರಸ್ಸಿನ ಅವಶೇಷ. ರೆಟ್ರೊವೈರಸ್ ತನ್ನ ಆರ್‌ಎನ್‌ಎಯನ್ನು ಡಿಎನ್‌ಎ ಆಗಿ ನಕಲಿಸಿ ಕೋಶದ ವರ್ಣತಂತುವಿನೊಳಗೆ ಸೇರಿಸುತ್ತದೆ. ಅಂಡಾಣು ಅಥವಾ ವೀರ್ಯಾಣು ಹುಟ್ಟುವ ಕೋಶದಲ್ಲಿ ಹೀಗಾದರೆ ಅದು ಸಂತಾನಕ್ಕೂ ಹೋಗುತ್ತದೆ. ಮಾನವ ಜೀನೋಮಿನಲ್ಲಿ ಸುಮಾರು ಶೇ. 8 ಭಾಗ ಇಂಥದು. ಪ್ರೋಟೀನಿಗೆ ಸಂಕೇತ ಒದಗಿಸುವ ಭಾಗ ಶೇ. 2ಕ್ಕೂ ಕಡಿಮೆ.

ಇವುಗಳಲ್ಲಿ ಬಹುತೇಕ ಅವಶೇಷಗಳು ವೈರಸ್ ಹುಟ್ಟಿಸುವ ಶಕ್ತಿ ಕಳೆದುಕೊಂಡಿವೆ. ಆದರೆ ಅವುಗಳ ತುದಿಗಳಲ್ಲಿರುವ ಎಲ್‌ಟಿಆರ್ ಎಂಬ ಭಾಗ ವೈರಸ್ ತನ್ನ ಜೀನುಗಳನ್ನು ಚಾಲೂ ಮಾಡಲು ಇಟ್ಟುಕೊಂಡಿದ್ದ ಸ್ವಿಚ್ಚು. ಪಕ್ಕದ ಮಾನವ ಜೀನನ್ನೂ ಅದು ಚಾಲೂ ಮಾಡಬಲ್ಲದು. ಆದ್ದರಿಂದಲೇ ಕೋಶ ಇವುಗಳ ಮೇಲೆ ಮೀಥೈಲ್ ಗುಂಪು ಅಂಟಿಸಿ ಅದುಮಿಡುತ್ತದೆ. ಹಿಡಿತ ಸಡಿಲವಾದಲ್ಲಿ ತೊಂದರೆಯೂ ಉಂಟು: ಹಾಡ್ಜ್‌ಕಿನ್ ಲಿಂಫೋಮ ಎಂಬ ಕ್ಯಾನ್ಸರಿನಲ್ಲಿ ಎಚ್ಚರಗೊಂಡ ಎಲ್‌ಟಿಆರ್ ಒಂದು ಸಿಎಸ್‌ಎಫ್1ಆರ್ ಜೀನನ್ನು ಚಾಲೂ ಮಾಡುವುದು 2010ರಲ್ಲಿ ಕಂಡುಬಂತು.

ಉಪಕಾರದ ಉದಾಹರಣೆಗಳು ಇನ್ನೂ ಗಮನಾರ್ಹ. ಗರ್ಭಿಣಿಯ ಮಾಸು ರೂಪುಗೊಳ್ಳಲು ಬೇಕಾದ ಸಿನ್‌ಸಿಟಿನ್-1 ಪ್ರೋಟೀನು ವೈರಸ್ಸಿನ ಹೊದಿಕೆಯ ಜೀನಿನಿಂದ ಬಂದದ್ದೆಂದು 2000ದಲ್ಲಿ ತಿಳಿಯಿತು. ಸೋಂಕು ತಗುಲಿದಾಗ ಎಐಎಂ2 ಎಂಬ ರಕ್ಷಣಾ ಜೀನನ್ನು ಎಬ್ಬಿಸುವುದೂ ಹಳೆಯ ಎಲ್‌ಟಿಆರ್ ಎಂದು 2016ರಲ್ಲಿ ಚುಆಂಗ್, ಎಲ್ಡೆ, ಫೆಶೊಟ್ ತೋರಿಸಿದರು.

ಇಂಥ ತುಣುಕಿನ ಇನ್ನೊಂದು ಉದಾಹರಣೆ ನಮ್ಮ ಜೊಲ್ಲಿಗೆ ಸಂಬಂಧಿಸಿದ್ದು. ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಎರೆ ಹೊಲದ ಹಿಂಗಾರಿ ಜೋಳದ ರೊಟ್ಟಿಯನ್ನು ಪಲ್ಯ ಹಚ್ಚದೆ ಬರೀ ಅಗಿಯುತ್ತ ಹೋದರೆ ನಾಲಿಗೆಗೆ ಸಿಹಿ ಹತ್ತುತ್ತದೆ. ಜೊಲ್ಲಿನ ಅಮೈಲೇಸ್ ಕಿಣ್ವ ಪಿಷ್ಟವನ್ನು ಮಾಲ್ಟೋಸ್ ಸಕ್ಕರೆಯಾಗಿ ಒಡೆಯುವುದೇ ಕಾರಣ. ಈ ಕಿಣ್ವದ ಎಎಂವೈ1 ಜೀನಿನ ಮುಂದೆ ಬಂದು ಸೇರಿದ ರೆಟ್ರೊವೈರಸ್ಸಿನ ತುಣುಕಿಗೆ ಜೀನನ್ನು ಜೊಲ್ಲುಗ್ರಂಥಿಯಲ್ಲಿ ಚಾಲೂ ಮಾಡುವ ಶಕ್ತಿ ಇದೆಯೆಂದು 1992ರಲ್ಲಿ ಟಿಂಗ್ ಮತ್ತು ಸಂಗಡಿಗರು ಇಲಿಗಳಲ್ಲಿ ಪ್ರಯೋಗಿಸಿ ಕಂಡುಕೊಂಡರು. ಆದರೆ ಈ ತುಣುಕಿಲ್ಲದ ಇಲಿಯ ಜೊಲ್ಲಿನಲ್ಲೂ ಅಮೈಲೇಸ್ ಇದೆ. ಹಾಗಾಗಿ ಜೊಲ್ಲಿಗೆ ಅಮೈಲೇಸ್ ಬರಲು ವೈರಸ್ಸೇ ಬೇಕೆಂದು ಹೇಳುವುದು ಅತಿಯಾದೀತು.

ಈ ಜಿಲ್ಲೆಯ ದ್ರಾಕ್ಷಿಯಲ್ಲಿ ಇಂಥದೇ ಬದಲಾವಣೆ ಕಣ್ಣಿಗೇ ಕಾಣುತ್ತದೆ. ಒಣದ್ರಾಕ್ಷಿಗೆ ಬೆಳೆಯುವ ಥಾಮ್ಸನ್ ಸೀಡ್‌ಲೆಸ್ ತಳಿಯ ಹಣ್ಣು ಹಸಿರು. ಬಿಳಿ, ಹಸಿರು ತಳಿಗಳಲ್ಲಿ ಹೆಚ್ಚಿನವುಗಳ ಬಣ್ಣದ ಜೀನಿನ ಮುಂದೆ ಗ್ರೆಟ್1 ಎಂಬ ಜಿಗಿಯುವ ತುಣುಕು ಕೂತಿದೆ. ಇದು ವೈರಸ್ ಅಲ್ಲ, ರೆಟ್ರೊವೈರಸ್ಸುಗಳ ದಾಯಾದಿ, ಇದಕ್ಕೂ ಎಲ್‌ಟಿಆರ್‌ಗಳಿವೆ. ಅದು ಜೀನನ್ನು ಮೌನವಾಗಿಸುವುದರಿಂದ ಆಂಥೊಸಯನಿನ್ ವರ್ಣದ್ರವ್ಯ ಹುಟ್ಟುವುದಿಲ್ಲವೆಂದು ಜಪಾನಿನ ಕೊಬಯಾಶಿ ಮತ್ತು ಸಂಗಡಿಗರು 2004ರಲ್ಲಿ ವರದಿ ಮಾಡಿದರು. ‘ಇಟಾಲಿಯಾ’ ಎಂಬ ಬಿಳಿ ತಳಿಯ ಬಳ್ಳಿಯಲ್ಲಿ ಒಮ್ಮೆ ಕೆಂಪು ಹಣ್ಣಿನ ಕವಲೊಡೆದು ‘ರೂಬಿ ಒಕುಯಾಮಾ’ ತಳಿಯಾಯಿತು. ಅದರಲ್ಲಿ ಗ್ರೆಟ್1ರ ನಡುಭಾಗ ಕಳಚಿ, ಒಂಟಿ ಎಲ್‌ಟಿಆರ್ ಮಾತ್ರ ಉಳಿದಿತ್ತು. ಮಾನವ ಜೀನೋಮಿನ ರೆಟ್ರೊವೈರಸ್ ಅವಶೇಷಗಳಲ್ಲೂ ಹೆಚ್ಚಿನವು ಹೀಗೆ ಒಂಟಿ ಎಲ್‌ಟಿಆರ್‌ಗಳೇ.