ರಾಜನಿಲ್ಲದ ದೇಶಕ್ಕೆ ಮೂರು ಕಿರೀಟ: ರಷ್ಯಾದ ಎರಡು ತಲೆ ಹದ್ದಿನ ಕಥೆ

ರಷ್ಯಾದ ಪಾಸ್‌ಪೋರ್ಟಿನ ಚಿತ್ರ ಮೊದಲ ಸಲ ನೋಡಿದಾಗ ‘ಅರೆ, ಇದು ನಮ್ಮ ಗಂಡಭೇರುಂಡ ಅಲ್ವಾ!’ ಅನ್ನಿಸಿತ್ತು. ಅಲ್ಲ, ಅದು ಬಂದ ದಾರಿಯೇ ಬೇರೆ. ಆಮೇಲೆ ನನ್ನನ್ನು ಕಾಡಿದ್ದು ಎರಡು ತಲೆಗಳಲ್ಲ, ಅವುಗಳ ಮೇಲಿನ ಮೂರು ಕಿರೀಟಗಳು. ಗಣರಾಜ್ಯಕ್ಕೆ ಕಿರೀಟ ಯಾಕೆ?

ಎಲ್ಲಿಂದ ಬಂತು?

ಮಾಸ್ಕೋದ ದೊರೆ ಮೂರನೇ ಇವಾನನ 1497ರ ಮುದ್ರೆಯ ಒಂದು ಬದಿಯಲ್ಲಿ ಈ ಹದ್ದಿದೆ. ಇನ್ನೊಂದು ಬದಿಯಲ್ಲಿ ಸರ್ಪವನ್ನು ಈಟಿಯಿಂದ ಇರಿಯುವ ಕುದುರೆ ಸವಾರ. ಇವಾನನ ಹೆಂಡತಿ ಸೋಫಿಯಾ ಕೊನೆಯ ಬೈಜಾಂಟಿಯನ್ ಚಕ್ರವರ್ತಿಯ ತಮ್ಮನ ಮಗಳು. ಹದ್ದು ಅವಳ ಜೊತೆ ಬಂತು ಅನ್ನೋದು ಜನಪ್ರಿಯ ಕಥೆ. ಆದರೆ ಮದುವೆಯಾಗಿದ್ದು 1472ರಲ್ಲಿ. ಯುರೋಪಿನ ಪವಿತ್ರ ರೋಮನ್ ಚಕ್ರವರ್ತಿಗೆ ತಾನೂ ಸಮ ಎಂದು ತೋರಿಸಲು ಇವಾನ್ ಇದನ್ನು ಆರಿಸಿಕೊಂಡ ಎನ್ನುವ ಇತಿಹಾಸಕಾರರೂ ಇದ್ದಾರೆ. ಯಾವುದೇ ಇರಲಿ, ಶುರುವಿನಿಂದಲೂ ಇದು ಸಾಮ್ರಾಜ್ಯದ ಆಸೆಯ ಗುರುತೇ.

1722ರಲ್ಲಿ ಪೀಟರ್ ಚಕ್ರವರ್ತಿ ಲಾಂಛನಗಳಿಗೆಂದೇ ಒಂದು ಹುದ್ದೆ ಸೃಷ್ಟಿಸಿದ. 19ನೇ ಶತಮಾನದಲ್ಲಿ ಹದ್ದಿನ ರೆಕ್ಕೆಗಳ ಮೇಲೆ ಕಜಾನ್, ಅಸ್ತ್ರಾಖಾನ್, ಸೈಬೀರಿಯಾ, ಪೋಲೆಂಡ್, ಫಿನ್‌ಲೆಂಡ್‌ಗಳ ಗುರಾಣಿಗಳು ಕೂತವು. ನೋಡೋಕೆ ಅಲಂಕಾರ, ನಿಜದಲ್ಲಿ ವಶಪಡಿಸಿಕೊಂಡ ನಾಡುಗಳ ಪಟ್ಟಿ.

ಕಿರೀಟ ಇಳಿದಾಗ

1917ರಲ್ಲಿ ಚಕ್ರವರ್ತಿ ಹೋದ. ತಾತ್ಕಾಲಿಕ ಸರ್ಕಾರ ಬಳಸಿದ್ದು ಕಲಾವಿದ ಇವಾನ್ ಬಿಲಿಬಿನ್ ಬರೆದ ಹದ್ದು: ಕಿರೀಟ ಇಲ್ಲ, ರಾಜದಂಡ ಇಲ್ಲ, ರೆಕ್ಕೆಗಳೂ ಕೆಳಗೆ ಇಳಿಬಿದ್ದಿವೆ. ಅದೇ ವರ್ಷ ಬೋಲ್ಶೆವಿಕರು ಅಧಿಕಾರ ಹಿಡಿದರು. ಹದ್ದಿನ ಜಾಗಕ್ಕೆ ಸುತ್ತಿಗೆ-ಕುಡುಗೋಲು ಬಂತು. 1935ರಲ್ಲಿ ಕ್ರೆಮ್ಲಿನ್ ಗೋಪುರಗಳ ಹದ್ದುಗಳನ್ನೂ ಇಳಿಸಿ ನಕ್ಷತ್ರ ಏರಿಸಿದರು.

ಕಿರೀಟ ಮರಳಿದಾಗ

ಸೋವಿಯತ್ ಒಕ್ಕೂಟ ಕುಸಿದ ಮೇಲೆ, 1992ರಲ್ಲಿ, ಬಿಲಿಬಿನ್‌ನ ಬರಿತಲೆಯ ಹದ್ದು ನಾಣ್ಯಗಳ ಮೇಲೆ ಬಂತು. ಅದನ್ನೇ ದೇಶದ ಲಾಂಛನ ಮಾಡಬಹುದಿತ್ತು. ಮಾಡಲಿಲ್ಲ. 1993ರ ಅಕ್ಟೋಬರ್‌ನಲ್ಲಿ ಸಂಸತ್ ಭವನದ ಮೇಲೆ ಟ್ಯಾಂಕ್‌ಗಳು ಗುಂಡು ಹಾರಿಸಿದವು. ನವೆಂಬರ್ 30ರಂದು ಅಧ್ಯಕ್ಷ ಯೆಲ್ಟ್ಸಿನ್ ಒಂದು ಆದೇಶದ ಮೂಲಕ ಕಿರೀಟ, ರಾಜದಂಡಗಳ ಸಮೇತ ಹದ್ದನ್ನು ವಾಪಸ್ ತಂದರು. ಚಿತ್ರ ಬರೆದ ಯೆವ್ಗೆನಿ ಉಖ್ನಾಲ್ಯೊವ್, ಸ್ಟಾಲಿನ್ ಕಾಲದಲ್ಲಿ ಹದಿಹರೆಯದಲ್ಲೇ ಬಂಧನಕ್ಕೊಳಗಾಗಿ ವೊರ್ಕುಟಾ ಶ್ರಮಶಿಬಿರ ಕಂಡವರು. ಅಂಥವರಿಗೆ ಹದ್ದು ಬಿಡುಗಡೆಯ ಗುರುತಾಗಿ ಕಂಡಿದ್ದರೆ ತಪ್ಪು ಹೇಳೋದು ಹೇಗೆ?

ಕಮ್ಯುನಿಸ್ಟರು ಬಲವಾಗಿದ್ದ ಸಂಸತ್ತು ಅದನ್ನು ಕಾನೂನು ಮಾಡಲಿಲ್ಲ. 2000ದ ಡಿಸೆಂಬರ್‌ನಲ್ಲಿ ಪುಟಿನ್ ರಾಜಿ ಸೂತ್ರ ಹೂಡಿದರು: ಚಕ್ರವರ್ತಿಗಳ ಹದ್ದು, ಜೊತೆಗೆ ಸೋವಿಯತ್ ರಾಷ್ಟ್ರಗೀತೆಯ ರಾಗ. ಕ್ರೆಮ್ಲಿನ್ನಿನ ಕೆಂಪು ನಕ್ಷತ್ರಗಳೂ ಅಲ್ಲೇ ಉಳಿದವು.

ಕಿರೀಟ ಅಂದರೆ ಈಗ ಒಕ್ಕೂಟದ ಸಾರ್ವಭೌಮತ್ವ ಅನ್ನೋ ವಿವರಣೆ ಇದೆ. ಇಂಜಿನಿಯರಿಂಗ್ ಓದಿದ ನನಗೆ ಗೊತ್ತಿರೋದಿಷ್ಟೇ: ಹಳೇ ಕೋಡ್‌ಗೆ ಹೊಸ ಕಾಮೆಂಟ್ ಬರೆದ ಮಾತ್ರಕ್ಕೆ ಅದು ಮಾಡೋ ಕೆಲಸ ಬದಲಾಗಲ್ಲ. ರೆಕ್ಕೆಯ ಮೇಲಿನ ಗುರಾಣಿಗಳು ಮರಳಿಲ್ಲ, ನಿಜ. ಆದರೆ 2022ರ ಯುಕ್ರೇನ್ ಆಕ್ರಮಣದ ನಂತರ, ಆ ಪಟ್ಟಿ ಅಳಿಸಿಹೋಗಿದೆ ಅಂತ ನಂಬೋಕೆ ನನಗಂತೂ ಆಗ್ತಿಲ್ಲ.